ಚಮಚದ ಊಟ

ಕೊರೋನಾ ಬಂದ ವರ್ಷ ಊರಿಗೆ ಊರೇ ಮೂತಿ ಮುಚ್ಚಿಕೊಂಡು ಓಡಾಡುತ್ತಿದ್ದಾಗ ನಮ್ಮ ದೊಡ್ಡಮಾವನವರ ಮುಖದ ಮೇಲೆ ಮಾತ್ರ ಮಾಸ್ಕ್ ನಿಲ್ಲುತ್ತಿರಲಿಲ್ಲ. ದಾರ ಸಿಕ್ಕಿಸಿಕೊಳ್ಳಲು ಅವರಿಗೆ ಕಿವಿಗಳೇ ಇರಲಿಲ್ಲ. ಇದ್ದವು, ಆದರೆ ಕಿವಿಯ ಹಾಗಿರಲಿಲ್ಲ. ಹರೆಯದ ಕುಸ್ತಿಗಳಲ್ಲಿ ಎದುರಾಳಿಗಳ ತಲೆಗೆ, ತೋಳಿಗೆ ಉಜ್ಜಿ ಉಜ್ಜಿ, ಒಳಗೆ ರಕ್ತ ಹೆಪ್ಪುಗಟ್ಟಿ, ಎರಡೂ ಒಣ ಅಂಜೂರದ ಹಾಗೆ ಮುದುಡಿ ತಲೆಗೆ ಅಂಟಿಕೊಂಡಿದ್ದವು. ಅವುಗಳ ಮೇಲೆ ಕನ್ನಡಕವೂ ಕೂರದು. ಅದಕ್ಕೆ ನಾನು ಹಳೆಯ ಲಂಗದ ಲಾಡಿ ಕತ್ತರಿಸಿ, ತಲೆಯ ಹಿಂದೆ ಕಟ್ಟಿಕೊಳ್ಳುವ ಹಾಗೆ ಹೊಲಿದುಕೊಟ್ಟಿದ್ದೆ. ಮಾಸ್ಕಿಗೂ ಅದನ್ನೇ ಮಾಡಿದೆ. ಕನ್ನಡಿ ನೋಡಿಕೊಂಡು, “ಏನಮ್ಮಾ, ಜಟಕಾ ಕುದುರೆಗೆ ಹುರುಳಿ ಚೀಲ ಕಟ್ಟಿದಂಗೆ ಕಟ್ಬುಟ್ಟೆ” ಎಂದು ನಕ್ಕರು.

ಅವರು ನನ್ನ ಮಾವನವರ ಅಣ್ಣ. ಮದುವೆಯಾಗದೆ ತಮ್ಮನ ಮನೆಯಲ್ಲೇ ಉಳಿದವರು. ನಾನು ಸೊಸೆಯಾಗಿ ಬಂದಾಗ ಅತ್ತೆ ಎಲ್ಲಕ್ಕಿಂತ ಮೊದಲು ತೋರಿಸಿದ್ದು ದೊಡ್ಡಮಾವನವರಿಗೆ ಬಾದಾಮಿ ಅರೆಯುವ ಕಲ್ಲನ್ನು. “ರಾತ್ರಿ ನೆನೆಹಾಕು, ಬೆಳಗ್ಗೆ ಸಿಪ್ಪೆ ತೆಗ್ದು ಅರಿ. ಮಿಕ್ಸಿಗೆ ಮಾತ್ರ ಹಾಕ್ಬೇಡ ಕಣೆ, ಕಂಡುಹಿಡಿದ್ಬುಡ್ತಾರೆ” ಎಂದಿದ್ದರು. ಒಂದು ದಿನ ಮೈಯಲ್ಲಿ ಹುಷಾರಿಲ್ಲದೆ ಮಿಕ್ಸಿಗೇ ಹಾಕಿದೆ. ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟು, “ಇದು ಕರೆಂಟಿನ ಬಾದಾಮಿ” ಎಂದರು. ಬಯ್ಯಲಿಲ್ಲ. ಉಳಿದದ್ದನ್ನು ಕುಡಿಯಲೂ ಇಲ್ಲ.

ನಮ್ಮ ಬೀದಿಯ ಕೊನೆಯಲ್ಲಿರುವ ಗರಡಿಗೆ ಅವರು ವಸ್ತಾದರು, ಎಂದರೆ ಗುರು. ತಗ್ಗಿ ಒಳಹೋಗಬೇಕಾದ ಸಣ್ಣ ಬಾಗಿಲು, ಒಳಗೆ ಗೋಡೆಯ ಮೇಲೆ ಚಾಮುಂಡಿ ತಾಯಿಯ ಪಟ, ಅದರ ಮುಂದೆ ಹಳ್ಳ ತೋಡಿ ಕೆಂಪು ಮಣ್ಣು ತುಂಬಿದ ಮಟ್ಟಿ. ಕುಸ್ತಿ ನಡೆಯುವುದು ಆ ಮಟ್ಟಿಯಲ್ಲಿ. ನಮ್ಮದು ಎಣ್ಣೆ ಅಂಗಡಿಯ ಮನೆತನ. ಮಠಕ್ಕೆ ದೀಪದ ಎಣ್ಣೆ ಕೊಡುತ್ತಿದ್ದ ಹಿರಿಯರು ಗರಡಿಗೂ ಕೊಡುತ್ತಿದ್ದರಂತೆ. ಈಗ ಅಂಗಡಿಯಲ್ಲಿ ಬಿಸ್ಕತ್ತು, ಶಾಂಪೂ ಎಲ್ಲ ಬಂದು ಕೂತಿದ್ದರೂ ಮಟ್ಟಿಯ ಎಣ್ಣೆ ಮಾತ್ರ ತಪ್ಪಿಲ್ಲ. ದಸರಾ ಹತ್ತಿರವಾದಾಗ ಮಣ್ಣನ್ನು ಅಗೆದು, ಜರಡಿ ಹಿಡಿದು, ಎಣ್ಣೆ, ಅರಿಸಿನ, ನಿಂಬೆರಸ, ಮಜ್ಜಿಗೆ, ಕರ್ಪೂರ ಬೆರೆಸಿ ಹದ ಮಾಡುತ್ತಾರೆ. ಆ ಅರಿಸಿನ ಕುಟ್ಟುವವರು ನಾವು. ಎಣ್ಣೆ ಸೋಸಿ ಅಳೆಯುವವಳು ನಾನು. ಮಜ್ಜಿಗೆ ಕಡೆಯುವುದೂ ನಮ್ಮ ಮನೆಯಲ್ಲೇ. ಆದರೆ ಗರಡಿಯ ಒಳಗೆ ಹೆಂಗಸರು ಹೋಗುವಂತಿಲ್ಲ. ಹೊಸಿಲ ಕಲ್ಲಿನವರೆಗೆ ಹೋಗಬಹುದು. ಹಾಲಿನ ತಂಬಿಗೆಯನ್ನು ಆ ಕಲ್ಲಿನ ಮೇಲಿಟ್ಟು, ಕರೆದು, ಹಿಂದಿರುಗಬೇಕು. ಅಲ್ಲಿ ನಿಂತು ಕಂಡದ್ದಷ್ಟೇ ನಾನು ಕಂಡ ಗರಡಿ.

ಪಟ್ಟು ಕಲಿಸುವವರು ಮೈಸೂರಿನಲ್ಲಿ ಬೇಕಾದಷ್ಟು ಜನರಿದ್ದಾರೆ. ದೊಡ್ಡಮಾವನವರ ಹೆಸರಿದ್ದದ್ದು ಕುಸ್ತಿಯ ಹಿಂದಿನ ಸಂಜೆಗೆ. ಬೇರೆ ಗರಡಿಯವರೂ ತಮ್ಮ ಹುಡುಗರನ್ನು ಅವತ್ತು ಒಂದು ಸಂಜೆಯ ಮಟ್ಟಿಗೆ ಇವರ ಹತ್ತಿರ ಕಳಿಸುತ್ತಿದ್ದರು. ನಾಳೆ ಕುಸ್ತಿ ಎಂದರೆ ಇವತ್ತು ಸಾಮು ಇಲ್ಲ, ಪಟ್ಟು ಇಲ್ಲ, ಎದುರಾಳಿಯ ಮಾತೇ ಇಲ್ಲ. ಹುಡುಗ ಲಂಗೋಟಿ ಕಟ್ಟಿ ಮಟ್ಟಿಗಿಳಿದು, ಎರಡೂ ಭುಜ ನೆಲಕ್ಕೆ ತಾಗುವಂತೆ ಅಂಗಾತ ಮಲಗಬೇಕು. ಕುಸ್ತಿಯಲ್ಲಿ ಭುಜಗಳೆರಡೂ ಮಣ್ಣು ಮುಟ್ಟಿದರೆ ಚಿತ್, ಎಂದರೆ ಸೋಲು. ಯಾವುದಕ್ಕೆ ನಾಳೆ ಹೆದರುತ್ತಾನೋ ಅದನ್ನು ಇವತ್ತೇ ಮಾಡಿಸುವುದು. ಮಲಗಿ ಮೇಲಿನ ಹೆಂಚು ನೋಡುತ್ತಿರಬೇಕು. ಎಷ್ಟು ಹೊತ್ತು? “ಬೇಜಾರಾಗೋವರ್ಗೂ” ಎನ್ನುತ್ತಿದ್ದರು. “ಭಯ ಎಲ್ಲೂ ಹೋಗಲ್ಲ ಕಣೋ. ಅದನ್ನ ಓಡಿಸ್ತೀನಿ ಅಂತ ಹೋದೋರೆಲ್ಲ ತಾವೇ ಓಡಿದ್ರು. ಸುಮ್ನೆ ಅದರ ಜೊತೆ ಮಲ್ಗು. ಅದಕ್ಕೂ ಬೇಜಾರಾಗುತ್ತೆ. ಬೇಜಾರಾದ ಭಯ ಜಾಸ್ತಿ ಮಾತಾಡಲ್ಲ.”

ಅಶೋಕಪುರಂ ಕಡೆಯಿಂದ ಒಬ್ಬ ಬರುತ್ತಿದ್ದ. ಬಾಗಿಲಿಗೆ ಅಡ್ಡ ನಿಂತರೆ ಒಳಗೆ ಕತ್ತಲಾಗುವಂಥ ಆಳು. ಅವನ ಮೊದಲ ದಸರಾ ಕುಸ್ತಿಯ ಹಿಂದಿನ ಸಂಜೆ ನಾನು ತಂಬಿಗೆ ಇಡಲು ಹೋದರೆ ಒಳಗೆ ಬಿಕ್ಕುವ ಸದ್ದು. ಆ ಆಳು ಮಟ್ಟಿಯಲ್ಲಿ ಮಲಗಿ ಅಳುತ್ತಿದ್ದಾನೆ. ದೊಡ್ಡಮಾವ ಅಂಚಿನಲ್ಲಿ ಕೂತು ಕಡಲೆಕಾಯಿ ಬಿಡಿಸಿ ಬಿಡಿಸಿ ಬಾಯಿಗೆ ಹಾಕಿಕೊಳ್ಳುತ್ತಿದ್ದಾರೆ.

“ಮುಗೀತೇನೋ?”

“ಇಲ್ಲ ವಸ್ತಾದ್ರೆ.”

“ಹಂಗಾದ್ರೆ ಪೂರ್ತಿ ಅತ್ಬುಡು. ನಾಳೆ ಅಲ್ಲಿ ಜನ ಜಾಸ್ತಿ, ಜಾಗ ಸಿಗಲ್ಲ.”

ಅವನು ಅಳುತ್ತಲೇ ನಕ್ಕ. ಸ್ವಲ್ಪ ಹೊತ್ತಿಗೆ, “ಬೇಜಾರಾಯ್ತು ವಸ್ತಾದ್ರೆ, ಮ್ಯಾಗೆ ಒಂದು ಹೆಂಚು ಒಡೆದೈತೆ” ಎಂದ. ದೊಡ್ಡಮಾವ ಕಡಲೆಕಾಯಿ ಸಿಪ್ಪೆ ಕೊಡವಿ ಎದ್ದರು. ಎದ್ದು ನಿಂತ ಹುಡುಗನ ಬೆನ್ನಿಗೆ, ಎರಡೂ ಭುಜಕ್ಕೆ ಮೆತ್ತಿದ್ದ ಮಣ್ಣನ್ನು ತಮ್ಮ ಬಲಗೈಯಿಂದ ಒರೆಸಿ ತೆಗೆದರು. ಆಗ ಅವರು ಹೇಳುತ್ತಿದ್ದ ಮಾತು ಯಾವಾಗಲೂ ಒಂದೇ. “ನಿನ್ನ ಸೋಲು ನನ್ನ ಕೈಗೆ ಬಂತು. ನಾಳೆ ಮುಗಿಯೋವರ್ಗೂ ನಾನು ಇಟ್ಕೊಂಡಿರ್ತೀನಿ. ನೀನು ಬರೀ ಕೈಲಿ ಹೋಗು.”

ಆಮೇಲೆ ಆ ಕೈಯನ್ನು ಅವರು ತೊಳೆಯುತ್ತಿರಲಿಲ್ಲ. ಲಿಂಗಪೂಜೆಯನ್ನು ಮೊದಲೇ ಮುಗಿಸಿಕೊಂಡು ಹೋಗಿರುತ್ತಿದ್ದರು. ಮಣ್ಣು ಮೆತ್ತಿದ ಬಲಗೈಗೆ ಟವೆಲ್ ಸುತ್ತಿಕೊಂಡು ಬೀದಿಯಲ್ಲಿ ನಡೆದು ಬಂದರೆ, ಇಸ್ತ್ರಿ ಅಂಗಡಿಯವನಿಂದ ಹೂವಿನವಳವರೆಗೆ ಎಲ್ಲರಿಗೂ ನಾಳೆ ಕುಸ್ತಿ ಇದೆಯೆಂದು ಗೊತ್ತಾಗುತ್ತಿತ್ತು. “ಏನ್ ವಸ್ತಾದ್ರೆ, ಇವತ್ತು ದೊರೆಗಳಂಗೆ ಚಮಚದಲ್ಲಿ ಊಟವೋ?” ಎಂದು ಛೇಡಿಸುತ್ತಿದ್ದರು. ಮಾರನೆಯ ದಿನ ಹುಡುಗ ಗೆದ್ದರೂ ಸೋತರೂ ಕುಸ್ತಿ ಮುಗಿದ ಮೇಲೆಯೇ ಆ ಕೈಗೆ ನೀರು. ಅಲ್ಲಿಯವರೆಗೆ ಉಣ್ಣುವುದು ಚಮಚದಲ್ಲಿ. ಅದಕ್ಕೆಂದೇ ಹಿಡಿ ಉದ್ದವಿರುವ ಒಂದು ಸ್ಟೀಲ್ ಚಮಚ ಇಟ್ಟಿದ್ದೆ. ಮುದ್ದೆಯನ್ನು ಚಮಚದಲ್ಲಿ ತಿನ್ನಲಾಗುವುದಿಲ್ಲ, ಮುರಿದು ಸಾರಲ್ಲಿ ಅದ್ದಿ ನುಂಗುವುದಕ್ಕೆ ಬೆರಳೇ ಬೇಕು. ಆದ್ದರಿಂದ ದಿನಾ ಮುದ್ದೆ ಬೇಯುವ ನಮ್ಮ ಮನೆಯಲ್ಲಿ ಆ ಸಂಜೆ ಮಾತ್ರ ಬರೀ ಅನ್ನ.

ನನ್ನ ಮಗಳು ಇದನ್ನೆಲ್ಲ ಸೊಂಟದ ಮೇಲಿಂದ ನೋಡಿ ಬೆಳೆದವಳು. ತಂಬಿಗೆ ಒಂದು ಕೈಯಲ್ಲಿ, ಅವಳು ಇನ್ನೊಂದು ಕೈಯಲ್ಲಿ. ಇಳಿದು ನಡೆಯಲು ಬಂದ ಮೇಲೆ ಹೊಸಿಲ ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತುಬಿಡುತ್ತಿದ್ದಳು. “ಒಳಗಿರೋ ಚಾಮುಂಡಿ ತಾಯಿ ಹೆಂಗ್ಸಲ್ವಾ ತಾತ? ಅವಳನ್ನ ಯಾರು ಒಳಗೆ ಬಿಟ್ರು?” ಎಂದು ಕೇಳಿ ಎಲ್ಲರನ್ನೂ ನಗಿಸಿದ್ದಳು. ದೊಡ್ಡಮಾವ ನಕ್ಕು, “ಅವಳು ತಾಯಿ ಕಣವ್ವ. ನೀನು ಮರಿ” ಎಂದಿದ್ದರು. ಅಲ್ಲಿಂದ ಅವಳ ಹೆಸರೇ ಅವರ ಬಾಯಲ್ಲಿ ಮರಿ ಎಂದಾಯಿತು.

ಕುಸ್ತಿಯ ಹುಚ್ಚು ಹತ್ತಿಸಿದವರು ಅವರೇ. ಮಾಳಿಗೆಯ ಮೇಲೆ ಹಳೆಯ ಹತ್ತಿ ಹಾಸಿಗೆಗಳನ್ನು ಜೋಡಿಸಿ, ಕಾಲು ಹೇಗೆ ಹಾಕಬೇಕು, ಬಿದ್ದಾಗ ಬೆನ್ನನ್ನು ಬಿಲ್ಲಿನ ಹಾಗೆ ಬಗ್ಗಿಸಿ ಭುಜ ಹೇಗೆ ಉಳಿಸಿಕೊಳ್ಳಬೇಕು ಎಂದು ತೋರಿಸಿದರು. ಈಗ ಹುಡುಗಿಯರು ಮ್ಯಾಟಿನ ಮೇಲೆ ಕುಸ್ತಿ ಆಡುತ್ತಾರಲ್ಲ, ಅದನ್ನು ಕಲಿಸುವ ಕಡೆಗೆ ತಮ್ಮ ಟಿವಿಎಸ್ ಮೇಲೆ ಕೂರಿಸಿಕೊಂಡು ಹೋಗಿ ಸೇರಿಸಿದವರೂ ಅವರೇ. ನಮ್ಮ ಮನೆಯವರು ಒಪ್ಪಲಿಲ್ಲ. ನಾಳೆ ಮದುವೆ ಗಿದುವೆ ಎಂದು ಗೊಣಗಿದರು. ದೊಡ್ಡಮಾವ ಊಟದ ತಟ್ಟೆ ಸರಿಸಿ ಕೂತರು. “ಕಿವಿ ನನ್ನಂಗಾದ್ರೆ ಓಲೆ ಎಲ್ಲಿಗೆ ಹಾಕೋದು ಅಂತ ತಾನೇ ನಿನ್ನ ಯೋಚ್ನೆ? ಹಾಕದಿದ್ರೆ ಏನ್ ಗಂಟು ಹೋಯ್ತು ಬುಡೋ! ಎಷ್ಟು ಕಿವಿ ಓಲೆ ಹಾಕ್ಕೊಂಡು ಬರೀ ಬೈಗುಳ ಕೇಳಿಲ್ಲ ಈ ಮನೇಲಿ?” ನಮ್ಮ ಅತ್ತೆ ಸೆರಗು ಬಾಯಿಗೆ ಅಡ್ಡ ಹಿಡಿದು ಒಳಗೆ ಹೋದರು. ನಗುತ್ತಿದ್ದರೋ ಅಳುತ್ತಿದ್ದರೋ ನಾನು ನೋಡಲಿಲ್ಲ. ಅಂಥ ಮಾತನ್ನು ಆ ಮನೆಯಲ್ಲಿ ಇನ್ಯಾವ ಗಂಡಸೂ ಆಡಿದ್ದು ನನಗೆ ನೆನಪಿಲ್ಲ. ಮುಂದಿನದನ್ನು ಬರೆಯುವ ಮೊದಲು ಈ ಮಾತನ್ನು ಬರೆದಿಡಬೇಕು.

ಅವಳು ಚೆನ್ನಾಗಿ ಆಡಿದಳು. ಕೊರೋನಾ ಕಳೆದು ಪಂದ್ಯಗಳು ಮತ್ತೆ ಶುರುವಾದಾಗ ರಾಜ್ಯದ ತಂಡಕ್ಕೆ ಆಯ್ಕೆ ಮೈಸೂರಿನಲ್ಲೇ ಎಂದಾಯಿತು. ಅದಕ್ಕೆ ಹಿಂದಿನ ದಿನ ಮಧ್ಯಾಹ್ನ ದೊಡ್ಡಮಾವ ಜಗುಲಿಯಲ್ಲಿ ಪೇಪರ್ ಓದುತ್ತಿದ್ದರು. ಅವಳು ಹೋಗಿ ಎದುರು ನಿಂತಳು.

“ತಾತ, ಇವತ್ತು ನನ್ನ ಮಟ್ಟೀಲಿ ಮಲಗ್ಸಿ.”

ಅವರು ಕನ್ನಡಕದ ಲಾಡಿ ಬಿಚ್ಚಿ ಮತ್ತೆ ಕಟ್ಟಿಕೊಂಡರು.

“ನಿಂಗ್ಯಾಕವ್ವ ಮಟ್ಟಿ? ನಿಂದು ಮ್ಯಾಟು.”

“ಭಯ ಅದೇ ತಾನೆ ತಾತ. ಬೇರೆ ಗರಡಿಯವರೆಲ್ಲ ಬಂದು ನಿಮ್ಮ ಹತ್ರ ಮಲ್ಗಿ ಎದ್ದು ಹೋದ್ರು. ನಾನು ಕಲ್ಲಿನ ಮೇಲೆ ಕೂತೇ ನೋಡಿದ್ದು. ಒಂದ್ಸಲ ನಂಗೂ ಒರೆಸಿ ಕಳ್ಸಿ. ಯಾರೂ ಇಲ್ದೇ ಇರೋ ಹೊತ್ತಲ್ಲಿ ಬರ್ತೀನಿ.”

ಯಾರೂ ಇಲ್ಲದ ಹೊತ್ತಲ್ಲಿ ಎಂದದ್ದು ಅವರಿಗೆ ಚುಚ್ಚಿತೇನೋ. ಪೇಪರನ್ನು ಮಡಿಸಿ ಪಕ್ಕಕ್ಕಿಟ್ಟರು. ಆಮೇಲೆ, “ನೀನು ಅಲ್ಲಿಗೆ ಬರೋದು ಬೇಡ ಮರಿ. ಮಟ್ಟೀನೇ ಇಲ್ಲಿಗೆ ಬರುತ್ತೆ. ಮಣ್ಣು ತಂದು ಮಾಳಿಗೆ ಮೇಲೆ ಹಾಸ್ತೀನಿ ಬುಡು” ಎಂದರು.

“ಮಟ್ಟಿ ಮಣ್ಣೇ?”

“ಮಟ್ಟಿ ಮಣ್ಣೇ ಕಣವ್ವ.”

ಸಂಜೆ ಗೋಣಿಚೀಲ ಹೊತ್ತುಕೊಂಡು ಅವರೇ ಮೆಟ್ಟಿಲು ಹತ್ತಿದರು. ಆ ವಯಸ್ಸಿನಲ್ಲಿ ಅಷ್ಟು ಭಾರ ಹೊತ್ತದ್ದನ್ನು ನೋಡಿ ನನ್ನ ಕಣ್ಣು ತುಂಬಿತು. ನಾನು ಒಣಗಿದ ಬಟ್ಟೆ ತೆಗೆಯುವ ನೆಪದಲ್ಲಿ ಮೇಲೇ ಇದ್ದೆ. ಚಾಪೆಯ ಮೇಲೆ ಮಣ್ಣು ಹರಡಿದರು. ಅವಳು ಮಲಗಿದಳು. ಹೆಂಚಿರಲಿಲ್ಲ, ಮೇಲೆ ಬರೀ ಆಕಾಶ, ದೂರದಲ್ಲಿ ಬೆಟ್ಟದ ದೀಪಗಳು ಹತ್ತುತ್ತಿದ್ದವು. ಅವರು ಪಕ್ಕದಲ್ಲಿ ಕೂತು ಕಡಲೆಕಾಯಿ ಬಿಡಿಸಿದರು. ಮೊದಲು ಅವಳ ಕಾಲ್ಬೆರಳುಗಳು ಅಲುಗುತ್ತಿದ್ದವು. ನಾನು ಬಟ್ಟೆಯೆಲ್ಲ ಮಡಿಸಿದೆ, ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದೆ. ಕೊನೆಗೆ ಅವಳು ಆಕಳಿಸಿ, “ಬೇಜಾರಾಯ್ತು ತಾತ” ಎಂದಳು. ಅವರು ಎದ್ದು ಅವಳ ಬೆನ್ನು ಒರೆಸಿದರು. ಮಾತನ್ನೂ ಹೇಳಿದರು, ಒಂದಕ್ಷರ ಬಿಡದೆ. ಅವತ್ತು ಮೆಟ್ಟಿಲಿಳಿದು ಬಂದ ಅವಳ ಮುಖದಲ್ಲಿದ್ದ ನಿರಾಳವನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

ನಾನು ಅನ್ನ, ಹುರುಳಿ ಬಸ್ಸಾರು, ಮಜ್ಜಿಗೆ ಮಾಡಿದ್ದೆ. ದೊಡ್ಡಮಾವನವರ ತಟ್ಟೆಯ ಪಕ್ಕ ಚಮಚ ಇಟ್ಟೆ. ಹಿತ್ತಲ ನಲ್ಲಿ ಸುರಿಯುವ ಸದ್ದು ಕೇಳಿತು, ಕಾಲು ತೊಳೆಯುತ್ತಿರಬೇಕು ಎಂದುಕೊಂಡೆ. ಅವರು ಬಂದು ಕೂತರು. ಟವೆಲ್ ಹೆಗಲ ಮೇಲಿತ್ತು. ಚಮಚವನ್ನು ಆಚೆಗೆ ಸರಿಸಿ, ತಟ್ಟೆ ನೋಡಿ, ತೀರ ಸಹಜವಾಗಿ ಕೇಳಿದರು.

“ಇವತ್ತು ಮುದ್ದೆ ಮಾಡಿಲ್ವೇನಮ್ಮ?”

ಎದುರು ಕೂತಿದ್ದ ಮಗಳ ಕೈ ನಿಂತಿತು. ಅವಳು ಅವರ ಬಲಗೈಯನ್ನು ನೋಡಿದಳು. ಉಗುರಿನ ಸಂದಿಯಲ್ಲೂ ಮಣ್ಣಿರಲಿಲ್ಲ. ಸೋಪಿನ ವಾಸನೆ ನನಗೂ ಬಂತು. ಕೇಳಿದ ಮೇಲೆಯೇ ಅವರಿಗೂ ಹೊಳೆದಿರಬೇಕು. ತಲೆ ತಗ್ಗಿಸಿ ಅನ್ನ ಕಲಸತೊಡಗಿದರು. ಆ ಕೈ ಅನ್ನ ಕಲಸುತ್ತಲೇ ಇತ್ತು, ಬಾಯಿಗೆ ಹೋಗಲು ಬಹಳ ಹೊತ್ತು ಹಿಡಿಯಿತು. ಮಗಳು ತಟ್ಟೆಯಲ್ಲಿದ್ದುದನ್ನೆಲ್ಲ ಉಂಡು, ತಟ್ಟೆ ತೊಳೆದಿಟ್ಟು, ಮಲಗಲು ಹೋದಳು.

ಬೆಳಗ್ಗೆ ಮಾಳಿಗೆ ಗುಡಿಸಿದಾಗ ಆ ಮಣ್ಣು ಧೂಳಾಗಿ ಎದ್ದು ನನ್ನ ಮೂಗಿಗೆ ಹೊಕ್ಕಿತು. ಮಟ್ಟಿಯ ಮಣ್ಣು ಏಳುವುದಿಲ್ಲ. ವರ್ಷ ವರ್ಷ ನಾನು ಅಳೆದುಕೊಟ್ಟ ಎಣ್ಣೆ ಕುಡಿದು ಅದು ಭಾರವಾಗಿ ಕೂತಿರುತ್ತದೆ, ಹಿಡಿದರೆ ಉಂಡೆಯಾಗುತ್ತದೆ. ಚೀಲದ ತಳದಲ್ಲಿ ಜಲ್ಲಿಕಲ್ಲಿನ ಚೂರುಗಳಿದ್ದವು. ಯಾವುದೋ ಮನೆ ಕಟ್ಟುವ ಕಡೆಯಿಂದ ತುಂಬಿಕೊಂಡು ಬಂದ ಮಣ್ಣು.

ಈಗಲೂ ಪಾತ್ರೆ ತೊಳೆಯುವಾಗ ಇದೇ ಯೋಚನೆ ಬರುತ್ತದೆ. ಅವರು ಕೈಗೆ ಟವೆಲ್ ಸುತ್ತಿಕೊಂಡು ಕೂತಿದ್ದರೆ, ಒಂದು ಹೊತ್ತು ಚಮಚದಲ್ಲಿ ಉಂಡಿದ್ದರೆ, ಅವಳಿಗೆ ಗೊತ್ತೇ ಆಗುತ್ತಿರಲಿಲ್ಲ. ಮಗುವಿನ ಎದುರು ಬಾಯಲ್ಲಿ ಸುಳ್ಳಾಡಿದ ಮನುಷ್ಯ ಕೈಯಲ್ಲಿ ಆಡಲಾರದೆ ಹೋದರು. ಆ ಕೈಗೆ ಅವರು ಅಷ್ಟು ನಿಯತ್ತಾಗಿದ್ದರು. ಅವರ ನಿಯತ್ತೇ ಅವಳನ್ನು ಹೊಡೆಯಿತು.

ಆಯ್ಕೆ ನಡೆದದ್ದು ಜಯಲಕ್ಷ್ಮಿಪುರಂ ಕಡೆಯ ಒಂದು ಕಾಲೇಜಿನ ಹಾಲಿನಲ್ಲಿ. ನಾನು ಮೇಲಿನ ಮೆಟ್ಟಿಲ ಮೇಲೆ ಕೂತಿದ್ದೆ, ದೊಡ್ಡಮಾವ ಕೆಳಗೆ ಮುಂದಿನ ಸಾಲಿನಲ್ಲಿ. ಕೊನೆಯ ಪಂದ್ಯದಲ್ಲಿ ಬೆಳಗಾವಿ ಕಡೆಯ ಹುಡುಗಿ ಎದುರಿಗೆ. ನಮ್ಮವಳೇ ಮುಂದಿದ್ದಳು. ನಡುವೆ ಒಂದು ಸಲ ಆ ಹುಡುಗಿಯ ಹಿಡಿತಕ್ಕೆ ಕಾಲು ಸಿಕ್ಕಿ ಕೆಳಗೆ ಬಿದ್ದಳು. ಅಷ್ಟಕ್ಕೆ ಏನೂ ಆಗುವುದಿಲ್ಲ, ಬೆನ್ನು ಬಗ್ಗಿಸಿ ಹೊರಳುವುದು ಅವಳಿಗೆ ಮಾಳಿಗೆಯ ಹಾಸಿಗೆಯ ಮೇಲೆ ಚಿಕ್ಕಂದಿನಿಂದ ಬಂದದ್ದು. ಆದರೆ ಅವಳು ಹೊರಳಲಿಲ್ಲ. ಮಲಗಿದಲ್ಲಿಂದ ಮೇಲಿನ ತಗಡಿನ ಮಾಡನ್ನು ನೋಡುತ್ತಿದ್ದಳು. ಕಣ್ಣು ಅಗಲವಾಗಿ ತೆರೆದಿತ್ತು. ರೆಫರಿ ಮ್ಯಾಟಿಗೆ ಅಂಗೈ ಬಡಿದ ಸದ್ದು ಇಡೀ ಹಾಲಿಗೆ ಕೇಳಿಸಿತು.

ಮನೆಗೆ ಬಂದ ಮೇಲೆ ಬೀದಿಯವರು ಒಬ್ಬೊಬ್ಬರೇ ಬಂದು ವಿಚಾರಿಸಿದರು. ದೊಡ್ಡಮಾವ ಜಗುಲಿಯಲ್ಲಿ ಕೂತು, “ಪಟ್ಟೆಲ್ಲ ಸರಿಯಾಗೇ ಇತ್ತು. ಮನಸ್ಸು ಹದವಾಗಿರ್ಲಿಲ್ಲ” ಎಂದು ಹೇಳುತ್ತಿದ್ದರು. ಒಳಗೆ ಮಂಡಿಗೆ ಐಸ್ ಇಟ್ಟುಕೊಂಡು ಕೂತಿದ್ದ ಮಗಳಿಗೆ ಅದು ಕೇಳಿಸಿತು. ಎದ್ದು ಬಾಗಿಲಿಗೆ ಬಂದಳು. ಕೂಗಾಡಲಿಲ್ಲ.

“ಕೈ ತೊಳ್ಕೊಂಡ್ಬಿಟ್ಟಿದ್ರಲ್ಲ ತಾತ.”

ಬಂದವರಿಗೆ ಅರ್ಥವಾಗಲಿಲ್ಲ. ಇಸ್ತ್ರಿ ಅಂಗಡಿಯವನು ಏನೋ ತಮಾಷೆಯೆಂದುಕೊಂಡು ನಕ್ಕ. ದೊಡ್ಡಮಾವ ಕೈಯನ್ನು ಪಂಚೆಯ ಮಡಿಕೆಯೊಳಗೆ ಸೇರಿಸಿಕೊಂಡರು. ಎಲ್ಲರೂ ಹೋದ ಮೇಲೆ ಅಡುಗೆಮನೆ ಬಾಗಿಲಿಗೆ ಬಂದು ನನಗೆ ಹೇಳಿದರು. “ಮಟ್ಟಿ ಮಣ್ಣು ಅಗೆಯಕ್ಕೆ ಅಂತ ಗುದ್ದಲಿ ಎತ್ತಿದ್ದೆ ಕಣಮ್ಮ. ಕೈ ಬರ್ಲಿಲ್ಲ. ಹೆಂಗಸ್ರಿಗೆ ಮಟ್ಟಿ ಇಲ್ಲ ಅಂತ ಐವತ್ತು ವರ್ಷ ಅಂದೋನು ನಾನು. ಮಣ್ಣು ಯಾವುದಾದ್ರೇನು, ಮನಸ್ಸು ತಾನೇ ಅಂದ್ಕೊಂಡೆ.”

ನಾನು ಒಲೆಯ ಕಡೆ ತಿರುಗಿದೆ. ಮನಸ್ಸು ತಾನೇ ಎನ್ನುವುದಕ್ಕೆ ಅವರೇ ಗುರು. ಒಂದು ಹಿಡಿ ಮಣ್ಣು ಮನಸ್ಸಿಗೆ ಏನು ಮಾಡುತ್ತದೆಂದು ಊರಿಗೆಲ್ಲ ತೋರಿಸಿದವರು, ಮನೆಯ ಮಗುವಿನ ಪಾಲಿಗೆ ಬಂದಾಗ ಮಣ್ಣಿನಲ್ಲೇನಿದೆ ಎಂದರು.

ಆಮೇಲೆ ಅದೇ ಮನೆಯಲ್ಲಿ ಅವರಿಬ್ಬರೂ ಬಾಡಿಗೆದಾರರ ಹಾಗೆ ಇದ್ದರು. ಅವಳು ಬಾದಾಮಿ ಹಾಲು ತಂದಿಟ್ಟು ಹೋಗುತ್ತಿದ್ದಳು, ಅವರು ಕುಡಿಯುತ್ತಿದ್ದರು. ಮರಿ ಎಂದು ಕರೆಯುವುದು ನಿಂತಿತು. ಇನ್ನೊಂದು ವರ್ಷ ಅವಳು ಪಂದ್ಯಗಳಿಗೆ ಹೋದಳು, ಇವರಿಗೆ ಯಾವುದು ಎಲ್ಲಿ ಎಂದು ಹೇಳಲಿಲ್ಲ. ಆಮೇಲೆ ಆಡುವುದನ್ನು ಬಿಟ್ಟು ರಾಜೀವನಗರದ ಒಂದು ಶಾಲೆಯಲ್ಲಿ ಹುಡುಗಿಯರಿಗೆ ಕುಸ್ತಿ ಕಲಿಸಲು ಸೇರಿಕೊಂಡಳು. ಬುರ್ಖಾ ತೆಗೆದಿಟ್ಟು ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು ಬರುವ ಪುಟಾಣಿಗಳ ಬಗ್ಗೆ ನನಗೆ ಹೇಳುವಾಗ, ಪಕ್ಕದ ಕೋಣೆಯಲ್ಲಿ ದೊಡ್ಡಮಾವ ರೇಡಿಯೋ ಸದ್ದು ತಗ್ಗಿಸುವುದು ನನಗೆ ತಿಳಿಯುತ್ತಿತ್ತು.

ಅವರಿಗೆ ಲಕ್ವ ಹೊಡೆದದ್ದು ಒಂದು ಬೆಳಗ್ಗೆ, ಲಂಗೋಟಿ ಹಿಂಡಿ ಹಗ್ಗಕ್ಕೆ ಹಾಕುತ್ತಿದ್ದಾಗ. ಬಲಭಾಗ ಪೂರ್ತಿ ಹೋಯಿತು. ಮಾತೂ ಮುಕ್ಕಾಲು ಪಾಲು ಹೋಯಿತು. ಬಲಗೈ ತೊಡೆಯ ಮೇಲೆ ಯಾರದೋ ಸಾಮಾನಿನ ಹಾಗೆ ಬಿದ್ದಿರುತ್ತಿತ್ತು. ಅಂದಿನಿಂದ ಅವರು ಉಂಡದ್ದೆಲ್ಲ ಚಮಚದಲ್ಲೇ, ಅದೇ ಚಮಚದಲ್ಲಿ. ಮುದ್ದೆಯ ಋಣ ತೀರಿತು. ಹೊತ್ತು ಹೊತ್ತಿಗೆ ನಾನು ಗಂಜಿ ತಿನ್ನಿಸುವಾಗ ಚಮಚ ಬಾಯಿಯ ಹತ್ತಿರ ಬಂದರೂ ಬಾಯಿ ತೆರೆಯದೆ ಅದನ್ನೇ ನೋಡುತ್ತಿದ್ದರು. ಕಣ್ಣಲ್ಲಿ ನೀರು ಬರುತ್ತಿತ್ತು. ಲಕ್ವದವರಿಗೆ ಕಣ್ಣಲ್ಲಿ ನೀರು ಬರುವುದುಂಟು ಎಂದು ಡಾಕ್ಟರು ಹೇಳಿದರು.

ಒಂದು ದಿನ ಗರಡಿಯ ಶಿಷ್ಯರೆಲ್ಲ ನೋಡಲು ಬಂದರು. ಮುಂದೆ ನಿಂತವನು ಹಿರಿಯ ಶಿಷ್ಯ, ಈಗ ಗರಡಿ ನಡೆಸುವವನು ಅವನೇ. ದೊಡ್ಡಮಾವ ಎಡಗೈಯಿಂದ ಅವನ ಅಂಗಿ ಹಿಡಿದೆಳೆದರು. ಕಷ್ಟಪಟ್ಟು ಮಾತು ಕೂಡಿಸಿದರು.

“ಮರಿ... ಮಟ್ಟಿಗೆ... ಇಳೀಲಿ.”

ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸಿತು. ಮಗಳು ಬಾಗಿಲ ಹತ್ತಿರವೇ ನಿಂತಿದ್ದಳು. ಹಿರಿಯ ಶಿಷ್ಯ ಅವರ ಕೈಯನ್ನು ಮೆಲ್ಲಗೆ ಬಿಡಿಸಿ ಹಾಸಿಗೆಯ ಮೇಲಿಟ್ಟು, ಹೊರಗೆ ಬಂದು ನನ್ನೆದುರು ಕಣ್ಣೊರೆಸಿಕೊಂಡ. “ನೋಡಕ್ಕಾಗಲ್ಲ ಕಣಕ್ಕ. ಎಂಥಾ ಮನುಷ್ಯ ಎಂಗಾಗ್ಬುಟ್ರು! ಬುದ್ಧಿ ನೆಟ್ಟಗಿದ್ದಿದ್ರೆ ಈ ಮಾತು ಆ ಬಾಯಲ್ಲಿ ಬರ್ತಿತ್ತಾ?”

“ಬುದ್ಧಿ ನೆಟ್ಟಗೇ ಇದೆಯಪ್ಪ. ಡಾಕ್ಟರೂ ಹೇಳಿದ್ದಾರೆ” ಎಂದೆ.

“ಅಕ್ಕಾ, ನೀವು ಬೇಜಾರು ಮಾಡ್ಕೋಬೇಡಿ. ಅವರು ಗಟ್ಟಿಮುಟ್ಟಾಗಿದ್ದಾಗ ಹಾಕಿದ ಕಟ್ಟಳೆ ಅದು. ಅದನ್ನ ಮುರಿದ್ರೆ ನಾವು ಶಿಷ್ಯರಾ? ವಸ್ತಾದ್ರಿಗೆ ಮರ್ಯಾದೆ ಬೇಡ್ವಾ?”

ಅವನ ಅಳು ನಿಜವಾಗಿತ್ತು. ಅವರ ಮೇಲಿನ ಪ್ರೀತಿಯಿಂದಲೇ ಅವರ ಮಾತನ್ನು ತೆಗೆದುಹಾಕಿದ. ಒಳಗೆ ಹಾಸಿಗೆಯ ಮೇಲಿಂದ ಇನ್ನೆರಡು ಸಲ “ಇಳೀಲಿ, ಇಳೀಲಿ” ಎಂಬ ಸದ್ದು ಬಂತು. ಮಗಳು ಚಪ್ಪಲಿ ಹಾಕಿಕೊಂಡು ಶಾಲೆಗೆ ಹೊರಟುಹೋದಳು. ಮಧ್ಯಾಹ್ನದ ಗಂಜಿ ಅವರು ಮುಟ್ಟಲಿಲ್ಲ.

ಹೋದ ಮಾಘದ ಒಂದು ಬೆಳಗ್ಗೆ, ಅರ್ಧ ಬಟ್ಟಲು ಗಂಜಿ ಕುಡಿದು, ಸಾಕು ಎಂದು ತಲೆಯಾಡಿಸಿ ಹಾಗೆಯೇ ಹೋದರು. ನಮ್ಮಲ್ಲಿ ಸುಡುವುದಿಲ್ಲ, ಕೂರಿಸಿ ಮಣ್ಣು ಮಾಡುತ್ತಾರೆ. ಹೆಣಕ್ಕೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಹೂವಿನ ವಿಮಾನದಲ್ಲಿ ಕೂರಿಸಿ, ಮೆರವಣಿಗೆಯಲ್ಲಿ ಗರಡಿಯ ಬಾಗಿಲಿಗೆ ತಂದು ಇಳಿಸಿದರು. ಶಿಷ್ಯರು ಒಳಗಿನಿಂದ ಹಿಡಿ ಹಿಡಿ ಮಟ್ಟಿ ಮಣ್ಣು ತಂದು, ಅಖಾಡಕ್ಕಿಳಿಯುವ ಪೈಲ್ವಾನನಿಗೆ ಹಚ್ಚುವಂತೆ ಎರಡೂ ಭುಜಗಳಿಗೆ ಹಚ್ಚಿದರು. “ನೋಡ್ರೋ, ನಮ್ಮ ವಸ್ತಾದ್ರು ಸತ್ರೂ ಚಿತ್ ಆಗ್ಲಿಲ್ಲ, ಕೂತೇ ಹೊಂಟ್ರು” ಎಂದು ಯಾರೋ ಕೂಗಿದ. ಅಳುತ್ತಿದ್ದವರೆಲ್ಲ ಚಪ್ಪಾಳೆ ತಟ್ಟಿದರು.

ಕೊನೆಗೆ ಹೆಂಗಸರು ಕೈಮುಗಿಯುವ ಸರದಿ. ಮಗಳು ಮುಂದೆ ಹೋದಳು. ಕೈಮುಗಿಯಲಿಲ್ಲ. ಬಲಗೈ ಚಾಚಿ ಅವರ ಎಡಭುಜವನ್ನು ಒರೆಸಿದಳು, ಆಮೇಲೆ ಬಲಭುಜವನ್ನು. ಒತ್ತಿ, ನಿಧಾನವಾಗಿ, ಮಣ್ಣು ಒಂಚೂರೂ ಉಳಿಯದ ಹಾಗೆ. “ಏಯ್, ಏಯ್, ಮಟ್ಟಿ ಮಣ್ಣು ಕಣಮ್ಮ ಅದು” ಎಂದು ಹಿರಿಯ ಶಿಷ್ಯ ಕೈ ಅಡ್ಡ ತಂದವನು, ಅವಳು ಮಾಡುತ್ತಿರುವುದೇನೆಂದು ಗುರುತು ಹತ್ತಿ ಅಲ್ಲೇ ನಿಂತ. ಎಷ್ಟು ಸಲ ಅವನ ಬೆನ್ನಿನ ಮೇಲೆಯೂ ಅದೇ ಆಗಿತ್ತಲ್ಲ. ಅವಳ ತುಟಿ ಅಲುಗಿತು. ತಮಟೆಯ ಸದ್ದಿನಲ್ಲಿ ಅವಳು ಏನಂದಳೆಂದು ನನಗೆ ಕೇಳಿಸಲಿಲ್ಲ.

ಮಣ್ಣು ಮಾಡಿ ಬಂದಾಗ ಸಂಜೆಯಾಗಿತ್ತು. ಬಾಗಿಲಲ್ಲಿ ಬಿಂದಿಗೆಯಲ್ಲಿ ನೀರಿಟ್ಟಿದ್ದರು. ಎಲ್ಲರೂ ಕೈಕಾಲು ತೊಳೆದು ಒಳಗೆ ಬಂದರು. ಮಗಳು ಕಾಲು ತೊಳೆದಳು, ಎಡಗೈ ತೊಳೆದಳು. ಬಲಗೈಗೆ ದುಪಟ್ಟಾದ ತುದಿ ಸುತ್ತಿಕೊಂಡು ಒಳಗೆ ಬಂದು ಎಲ್ಲರ ಜೊತೆ ಊಟಕ್ಕೆ ಕೂತಳು. ಪಕ್ಕದ ಮನೆಯವರು ಮುದ್ದೆ, ಸಾರು, ಅನ್ನ ಮಾಡಿ ತಂದಿದ್ದರು. ಅವಳ ತಟ್ಟೆಗೆ ಮುದ್ದೆ ಬಡಿಸಲು ಬಂದರೆ ಎಡಗೈ ಅಡ್ಡ ಹಿಡಿದಳು.

“ನಂಗೆ ಮುದ್ದೆ ಬೇಡ ಆಂಟಿ, ಅನ್ನ ಹಾಕಿ” ಎಂದು, ನನ್ನ ಕಡೆ ತಿರುಗಿದಳು. “ಅಮ್ಮ, ಚಮಚ.”

ಅದನ್ನು ಹುಡುಕಬೇಕಾಗಲಿಲ್ಲ. ಅವರ ಮಂಚದ ಪಕ್ಕದ ಸ್ಟೂಲಿನ ಮೇಲೆಯೇ ಇತ್ತು. ಬೆಳಗಿನ ಗಂಜಿ ಅದರ ಮೇಲೆ ಒಣಗಿ ಅಂಟಿಕೊಂಡಿತ್ತು. ತೊಳೆದು ಕೊಟ್ಟೆ.